ಹೊಲದ ಕೀಟಗಳು: ಉಪಕಾರಿಗಳೂ ಅಪಕಾರಿಗಳೂ

ಬೆಳೆಗೆ ಬಂದೊದಗುವ ಕೇಡುಗಳನ್ನು ಪೂರ್ವಿಕರು 'ಈತಿ' ಎಂಬ ಒಂದೇ ಹೆಸರಿನಿಂದ ಕರೆದು ಅವನ್ನು ಆರು ಬಗೆಯಾಗಿ ಎಣಿಸಿದ್ದರು: ಅತಿವೃಷ್ಟಿ, ಅನಾವೃಷ್ಟಿ, ಶಲಭ, ಮೂಷಕ, ಶುಕ, ಮತ್ತು ನೆರೆಗೆ ಬಂದು ಬೀಡುಬಿಟ್ಟ ಪರರಾಜರು. ಈ ಆರರಲ್ಲಿ ಕೀಟವರ್ಗಕ್ಕೆ ಸೇರಿದುದು ಶಲಭವೊಂದೇ. ವೃಕ್ಷಾಯುರ್ವೇದದ ಗ್ರಂಥಗಳಲ್ಲಿಯೂ ಕ್ರಿಮಿಬಾಧೆಯು ಗಿಡಮರಗಳ ವ್ಯಾಧಿಗಳ ಸಾಲಿನಲ್ಲಿಯೇ ಹೇಳಲ್ಪಟ್ಟು, ಅದಕ್ಕೆ ಧೂಪಲೇಪಾದಿ ಚಿಕಿತ್ಸೆಗಳು ವಿಧಿಸಲ್ಪಟ್ಟಿವೆ. ಕನ್ನಡದಲ್ಲಿ ಸುಮಾರು ೧೦೨೫ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವು ವೃಕ್ಷಾಯುರ್ವೇದಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿರುವುದನ್ನು ನೋಡಿದರೆ, ಈ ವಿಷಯವು ದೇಶಭಾಷೆಯ ವಿದ್ವಾಂಸರ ಗಮನಕ್ಕೆ ಬಹು ಹಿಂದೆಯೇ ಬಂದಿತ್ತೆಂಬುದು ಸ್ಪಷ್ಟವಾಗುತ್ತದೆ.

ಶಾಸ್ತ್ರಗ್ರಂಥಗಳಲ್ಲಿ ಕೀಟವು ಹೀಗೆ ಕೇಡಿನ ರೂಪದಲ್ಲಿ ಬಂದರೆ, ಕಾವ್ಯದಲ್ಲಿ ಅದು ಸೊಗಸಿನ ರೂಪದಲ್ಲಿ ಬರುತ್ತದೆ. ಭ್ರಮರ, ಭೃಂಗ, ಮಧುಕರ, ತುಂಬಿ ಎಂಬ ಹೆಸರುಗಳಿಲ್ಲದೆ ವಸಂತವರ್ಣನೆ ನಡೆಯದು. ಇಂದ್ರಗೋಪವಿಲ್ಲದೆ ಕಾರ್ಗಾಲದ ವರ್ಣನೆ ಪೂರ್ಣವಾಗದು. ಆದರೆ ಅದೇ ತುಂಬಿಯು ಹೂವಿನಿಂದ ಹೂವಿಗೆ ಹಾರುವಾಗ ಪರಾಗವನ್ನು ಹೊತ್ತು ಕಾಯಿ ಕಟ್ಟಿಸುತ್ತದೆಂಬುದಾಗಲಿ, ಇಂದ್ರಗೋಪವೆಂದು ಹಲವರು ಗುರುತಿಸುವ ಕೆಂಪು ಮಖಮಲ್ಲಿನ ಮೈಯ ಜೀವಿಯು ನೆಲದಲ್ಲಿ ಇತರ ಕೀಟಗಳ ಮೊಟ್ಟೆಗಳನ್ನು ತಿನ್ನುತ್ತದೆಂಬುದಾಗಲಿ ಕಾವ್ಯದ ವಿಷಯವಾಗಲಿಲ್ಲ. ಹೀಗೆ ಒಂದು ಕಡೆ ಹಾನಿ, ಇನ್ನೊಂದು ಕಡೆ ಸೌಂದರ್ಯ ಎಂಬ ಎರಡು ಅಂಚುಗಳ ನಡುವೆ, ಹೊಲದಲ್ಲಿ ಕೀಟವು ಮಾಡುವ ಉಪಕಾರಕ್ಕೆ ಹೆಸರೇ ಇಲ್ಲದಂತಾಯಿತು. ಹೆಸರಿಲ್ಲದುದು ಕಣ್ಣಿಗೆ ಬೀಳುವುದು ಕಷ್ಟ. ಉಪಕಾರಿ ಕೀಟಗಳನ್ನೂ ಅಪಕಾರಿ ಕೀಟಗಳನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡುವ ಕೆಲಸವು, ಆದಕಾರಣ, ಕೃಷಿಶಾಸ್ತ್ರದ ವಿಷಯವಾಗಿರುವಂತೆಯೇ ಭಾಷೆಯ ವಿಷಯವೂ ಆಗಿದೆ.

೧. ಕೀಟವೆಂದರೆ ಯಾವುದು

ಪ್ರಾಣಿಶಾಸ್ತ್ರದಲ್ಲಿ ಕೀಟವೆಂದು ಕರೆಯಿಸಿಕೊಳ್ಳುವ ಜೀವಿಗೆ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳೂ, ಎದೆಯ ಭಾಗದಲ್ಲಿ ಮೂರು ಜೊತೆ ಕಾಲುಗಳೂ ಇರುತ್ತವೆ. ಆರು ಕಾಲುಗಳಿರುವುದರಿಂದಲೇ ಈ ವರ್ಗಕ್ಕೆ 'ಷಟ್ಪದಿ' ಎಂಬ ಹೆಸರು ಸಲ್ಲುತ್ತದೆ. ದುಂಬಿಯನ್ನು ಷಟ್ಪದವೆಂದ ಸಂಸ್ಕೃತ ಕವಿಗಳ ಮಾತೂ, ಆರು ಪಾದಗಳ ಛಂದಸ್ಸನ್ನು ಷಟ್ಪದಿಯೆಂದ ಕನ್ನಡ ಲಾಕ್ಷಣಿಕರ ಮಾತೂ ಇಲ್ಲಿ ಒಂದೇ ಲೆಕ್ಕಕ್ಕೆ ಬಂದು ಸೇರುವುದು ಸ್ವಾರಸ್ಯವಾಗಿದೆ. ಈ ಲಕ್ಷಣವನ್ನು ಹಿಡಿದು ನೋಡಿದರೆ ಎಂಟು ಕಾಲಿನ ಜೇಡವೂ, ನುಸಿಯೂ, ಮೇಲೆ ಹೇಳಿದ ಇಂದ್ರಗೋಪವೂ ಕೀಟಗಳಲ್ಲ. ಕಾಲೇ ಇಲ್ಲದ ಎರೆಹುಳುವಂತೂ ಸರ್ವಥಾ ಅಲ್ಲ. ಆದರೆ ಹೊಲದ ವ್ಯವಹಾರದಲ್ಲಿ ಇವೆಲ್ಲವೂ ಕೀಟಗಳ ಜೊತೆಯಲ್ಲಿಯೇ ಬಾಳುವುದರಿಂದ ಅವುಗಳ ಮಾತು ಬಾರದೆ ಇರದು.

ಜಗತ್ತಿನಲ್ಲಿ ಈವರೆಗೆ ವಿದ್ವಾಂಸರಿಂದ ಹೆಸರಿಡಲ್ಪಟ್ಟಿರುವ ಕೀಟಜಾತಿಗಳು ಸುಮಾರು ಹತ್ತು ಲಕ್ಷ. ಇವುಗಳ ಪೈಕಿ ಮನುಷ್ಯನ ಬೆಳೆಗೆ, ದವಸಕ್ಕೆ, ಮೈಗೆ ಹಾನಿಯುಂಟುಮಾಡುವಂಥವು ನೂರಕ್ಕೆ ಒಂದರಷ್ಟೂ ಇಲ್ಲ. ಉಳಿದವುಗಳಲ್ಲಿ ಬಹುಭಾಗ ಮನುಷ್ಯನ ಗೊಡವೆಗೆ ಬಾರದವು. ಕೆಲವು ಮಾತ್ರ ನೇರವಾಗಿ ಉಪಕಾರಿಗಳು. ಹಾನಿಯು ಬೇಗ ಕಾಣುತ್ತದೆ, ಉಪಕಾರವು ಕಾಣುವುದಿಲ್ಲ ಎಂಬುದೇ ಇವುಗಳ ವಿಚಾರದಲ್ಲಿ ಉಂಟಾಗಿರುವ ಗೊಂದಲಕ್ಕೆ ಮೂಲ. ತೂತಾದ ಎಲೆಯನ್ನು ಯಾರಾದರೂ ನೋಡಬಲ್ಲರು. ತೂತಾಗದೆ ಉಳಿದ ಎಲೆಯು ಯಾವ ಕೀಟದ ದಯೆಯಿಂದ ಉಳಿಯಿತೆಂಬುದನ್ನು ಕಾಣಲು ಶಿಕ್ಷಿತವಾದ ಕಣ್ಣು ಬೇಕು.

೨. ಅಪಕಾರಿಗಳು

ಅಪಕಾರಿ ಕೀಟಗಳನ್ನು ಅವು ಉಣ್ಣುವ ರೀತಿಯಿಂದ ವಿಂಗಡಿಸುವುದು ಅನುಕೂಲವಾದುದು. ಕಡಿದು ತಿನ್ನುವ ಬಾಯಿಯುಳ್ಳವು ಒಂದು ಗುಂಪು: ಮಿಡತೆ, ಕಂಬಳಿಹುಳು, ಸೈನಿಕಹುಳು ಮೊದಲಾದವು ಇದರಲ್ಲಿ ಸೇರುತ್ತವೆ. ಸೂಜಿಯಂತಹ ಕೊಂಡಿಯಿಂದ ಗಿಡದ ರಸವನ್ನು ಹೀರುವವು ಎರಡನೆಯ ಗುಂಪು: ಸಸ್ಯಹೇನು, ಜಿಗಿಹುಳು, ಹಿಟ್ಟುತಿಗಣೆ, ಬಿಳಿನೊಣ ಇವು ಇಂಥವು. ಇವು ಹೀರುವ ರಸಕ್ಕಿಂತಲೂ ಗಿಡದಿಂದ ಗಿಡಕ್ಕೆ ದಾಟಿಸುವ ರೋಗವೇ ಕೆಲವೊಮ್ಮೆ ಹೆಚ್ಚು ಕೇಡನ್ನುಂಟುಮಾಡುತ್ತದೆ. ಟೊಮೆಟೊ ಗಿಡದ ಎಲೆ ಮುರುಟಿಕೊಳ್ಳುವ ರೋಗವು ಬಿಳಿನೊಣದಿಂದ ಹರಡುವುದು ಇದಕ್ಕೆ ನಿದರ್ಶನ. ಗಿಡದೊಳಗೆ ಹೊಕ್ಕು ಕೊರೆಯುವವು ಮೂರನೆಯ ಗುಂಪು: ಬತ್ತದ ಕಾಂಡಕೊರಕ, ತೊಗರಿಯ ಕಾಯಿಕೊರಕ, ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಮುಂತಾದವು. ನೆಲದೊಳಗಿದ್ದು ಬೇರನ್ನು ತಿನ್ನುವ ಗೊಣ್ಣೆಹುಳು ನಾಲ್ಕನೆಯದು.

ಕನ್ನಡ ನಾಡಿನ ಅಪಕಾರಿ ಕೀಟಗಳ ಶಾಸ್ತ್ರೀಯ ಪರಿಶೋಧನೆಯು ಆರಂಭವಾದ ಬಗೆಯನ್ನು ಒಂದು ಮಿಡತೆಯ ಕಥೆಯಿಂದ ತಿಳಿಯಬಹುದು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಬಯಲುಸೀಮೆಯ ಜೋಳದ ಹೊಲಗಳನ್ನು ಬರಿದುಮಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದರ ಜೀವನಕ್ರಮವನ್ನು ಅಭ್ಯಾಸಮಾಡಿದರು. ೧೯೧೦ರಲ್ಲಿ ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಬೊಲಿವಾರ್ ಅವರು ಅದನ್ನು ಶಾಸ್ತ್ರಕ್ಕೆ ಹೊಸದಾದ ಕುಲವೆಂದು ನಿರ್ಣಯಿಸಿ, ಕೋಲ್ಮನ್ನರ ಗೌರವಾರ್ಥವಾಗಿ 'ಕೋಲ್ಮೇನಿಯ' ಎಂದು ಹೆಸರಿಟ್ಟರು. ೧೯೧೧ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯಿಂದ ಈ ಜೋಳದ ಮಿಡತೆಯ ಮೇಲೆ ಕೋಲ್ಮನ್ನರ ಪುಸ್ತಿಕೆಯೂ, ಬತ್ತದ ಮಿಡತೆಯ ಮೇಲೆ ಅವರೂ ಕುಂಞಿಕಣ್ಣನ್ ಅವರೂ ಕೂಡಿ ಬರೆದ ಪುಸ್ತಿಕೆಯೂ ಪ್ರಕಟವಾದವು. ಜೋಳದ ಮಿಡತೆಯು ಮಳೆಗಾಲದ ಕೊನೆಯಲ್ಲಿ ಮಣ್ಣಿನೊಳಗೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ಬೇಸಗೆಯನ್ನೆಲ್ಲ ನೆಲದಲ್ಲಿಯೇ ಕಳೆದು ಮುಂಗಾರಿನ ಮಳೆ ಬಿದ್ದಮೇಲೆ ಒಡೆಯುತ್ತವೆ. ವರುಷಕ್ಕೆ ಒಂದೇ ಪೀಳಿಗೆ. ಇಷ್ಟು ತಿಳಿದುಬಂದ ಕೂಡಲೆ ಪರಿಹಾರದ ದಾರಿಯೂ ತೋರುತ್ತದೆ: ಉಳುಮೆಯಿಂದ ಮೊಟ್ಟೆಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ರೆಕ್ಕೆಯಿಲ್ಲದ ಮರಿಗಳನ್ನು ಎಳೆಯವಾಗಿದ್ದಾಗಲೇ ಬಲೆಚೀಲಗಳಿಂದ ಹಿಡಿದು ನಾಶಪಡಿಸುವುದು. ಶತ್ರುವಿನ ಕಾಲವನ್ನೂ ನೆಲೆಯನ್ನೂ ಅರಿತರೆ ಅರ್ಧ ಕಾರ್ಯವು ಮುಗಿದಂತೆ ಎಂಬ ತತ್ತ್ವವು ಇಲ್ಲಿ ಅಡಗಿದೆ.

೩. ಉಪಕಾರಿಗಳು

ಉಪಕಾರಿ ಕೀಟಗಳು ಮಾಡುವ ಕೆಲಸವು ಮುಖ್ಯವಾಗಿ ಮೂರು ವಿಧವಾದುದು.

ಮೊದಲನೆಯದು ಪರಾಗವಹನ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಂದು ಹಳ್ಳಿಯವರು ಬೇರೆಬೇರೆ ಹೆಸರಿಟ್ಟು ಗುರುತಿಸುವ ಜೇನುಗಳೂ, ಒಂಟಿಯಾಗಿ ಬಾಳುವ ಇತರ ದುಂಬಿಗಳೂ ಈ ಕೆಲಸದಲ್ಲಿ ಅಗ್ರಗಣ್ಯವಾಗಿವೆ. ಮಲೆನಾಡಿನ ಏಲಕ್ಕಿಯು ಕಾಯಿ ಕಟ್ಟುವುದಕ್ಕೆ ಜೇನುಗಳನ್ನೇ ಬಹುವಾಗಿ ನಂಬಿದೆ. ರೊಬಸ್ಟಾ ಕಾಫಿಯು ತನ್ನದೇ ಪರಾಗದಿಂದ ಫಲಿಸದ ಜಾತಿಯಾದುದರಿಂದ ಗಾಳಿಯ ನೆರವಿನ ಜೊತೆಗೆ ಜೇನಿನ ನೆರವೂ ಅದಕ್ಕೆ ಬೇಕು. ಕುಂಬಳ, ಸೋರೆ, ಸೌತೆ ಮೊದಲಾದ ಬಳ್ಳಿಗಳಲ್ಲಿ ಗಂಡುಹೂವೂ ಹೆಣ್ಣುಹೂವೂ ಬೇರೆಬೇರೆಯಾಗಿರುವುದರಿಂದ ನಡುವೆ ಓಡಾಡುವ ದೂತರಿಲ್ಲದೆ ಕಾಯಿಯಿಲ್ಲ. ಜೇನು ಬೇಡಿದುದು ಮಕರಂದ, ಕೊಟ್ಟುದು ಫಸಲು.

ಎರಡನೆಯದು ಬೇಟೆ. ಪರಭಕ್ಷಕಗಳೆಂದು ಕರೆಯಲ್ಪಡುವ ಈ ಕೀಟಗಳು ಒಂದಾದಮೇಲೊಂದು ಇತರ ಕೀಟಗಳನ್ನು ಹಿಡಿದು ತಿನ್ನುತ್ತವೆ. ಗುಲಗಂಜಿಹುಳು ಸಸ್ಯಹೇನುಗಳನ್ನು ತಿನ್ನುತ್ತದೆ. ಸೂರ್ಯನ ಕುದುರೆಯು ಕೈಗೆ ಸಿಕ್ಕಿದುದನ್ನೆಲ್ಲ ತಿನ್ನುತ್ತದೆ. ಕೊಡತಿಹುಳು ಹಾರುವ ಕೀಟಗಳನ್ನು ಗಾಳಿಯಲ್ಲಿಯೇ ಹಿಡಿಯುತ್ತದೆ. ಜಾಲದಂತಹ ಹಸಿರು ರೆಕ್ಕೆಗಳ ಕ್ರೈಸೋಪವು ನೂಲಿನಂತಹ ಕಾಂಡದ ತುದಿಯಲ್ಲಿ ಒಂದೊಂದೇ ಮೊಟ್ಟೆಯನ್ನಿಡುತ್ತದೆ. ಅದರ ಮರಿಯು ಹೇನುಗಳ ರಸವನ್ನು ಹೀರಿ ಬೆಳೆಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಗುಪ್ತವಾದುದು. ಕೆಲವು ಸಣ್ಣ ಕಣಜಗಳೂ ನೊಣಗಳೂ ಮತ್ತೊಂದು ಕೀಟದ ಮೊಟ್ಟೆಯಲ್ಲಿಯೋ ಮರಿಯ ಮೈಯಲ್ಲಿಯೋ ತಮ್ಮ ಮೊಟ್ಟೆಯನ್ನಿಡುತ್ತವೆ. ಅದರಿಂದ ಹೊರಟ ಮರಿಯು ಆಶ್ರಯಕೊಟ್ಟ ಕೀಟವನ್ನೇ ಒಳಗಿನಿಂದ ಉಂಡು ಮುಗಿಸುತ್ತದೆ. ಇವನ್ನು ಕೃಷಿಗ್ರಂಥಗಳು ಪರತಂತ್ರಜೀವಿಗಳೆಂದು ಕರೆದಿವೆ. ಟ್ರೈಕೋಗ್ರಾಮ ಎಂಬ ಕಣಜವು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದರ ಇಡೀ ಬಾಲ್ಯವು ಒಂದು ಪತಂಗದ ಮೊಟ್ಟೆಯೊಳಗೆ ಕಳೆಯುತ್ತದೆ. ಈ ಕಣಜವನ್ನು ಸಾಕಿ, ಸುಮಾರು ೨೦,೦೦೦ ಮೊಟ್ಟೆಗಳನ್ನು ಅಂಟಿಸಿದ ಕಾಗದದ ಪಟ್ಟಿಗಳ ರೂಪದಲ್ಲಿ ಕಬ್ಬು, ಬತ್ತ ಮೊದಲಾದ ಹೊಲಗಳಿಗೆ ಒದಗಿಸುವ ಪದ್ಧತಿಯು ರೂಢಿಯಲ್ಲಿದೆ. ವಿಚಿತ್ರವೇನೆಂದರೆ, ಇದನ್ನು ಸಾಕುವುದಕ್ಕೆ ಬಳಸುವ ಮೊಟ್ಟೆಗಳು ದವಸವನ್ನು ಕೆಡಿಸುವ ಅಕ್ಕಿಯ ಪತಂಗದವು. ಕಣಜದಲ್ಲಿ ಶತ್ರುವಾದುದನ್ನು ಹೊಲದ ಮಿತ್ರನ ಸಾಕಣೆಗೆ ಆಹಾರವಾಗಿ ಮಾಡಲಾಗಿದೆ. ದವಸವಿಡುವ ಕಣಜವೂ ಕುಟುಕುವ ಕಣಜವೂ ಕನ್ನಡದಲ್ಲಿ ಒಂದೇ ಉಚ್ಚಾರಣೆಯ ಪದಗಳಾಗಿರುವುದು ಆಕಸ್ಮಿಕವಾದರೂ ಇಲ್ಲಿ ಎರಡೂ ಒಂದೇ ಕಥೆಯೊಳಗೆ ಬಂದಿವೆ.

೪. ಗಡಿಯು ಎಲ್ಲಿದೆ

ಇಷ್ಟರಿಂದ ಕೀಟಲೋಕವು ದೇವಾಸುರರಂತೆ ಎರಡು ಪಾಳೆಯಗಳಾಗಿ ಒಡೆದುನಿಂತಿದೆಯೆಂದು ತೋರಬಹುದು. ಹತ್ತಿರದಿಂದ ನೋಡಿದರೆ ಹಾಗಿಲ್ಲ. ಮಿತ್ರ, ಶತ್ರು ಎಂಬ ಭೇದವು ಕೀಟದ ಹುಟ್ಟಿನಲ್ಲಿಲ್ಲ. ಅದು ಯಾವ ಬೆಳೆಯಲ್ಲಿ, ಯಾವ ವಯಸ್ಸಿನಲ್ಲಿ, ಎಷ್ಟು ಸಂಖ್ಯೆಯಲ್ಲಿ ಇದೆ ಎಂಬುದರಲ್ಲಿದೆ. ಇದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ.

ಒಂದೇ ಮನೆತನದಲ್ಲಿ ಎರಡು ನಡತೆಯುಂಟು. ಗುಲಗಂಜಿಹುಳುಗಳ ಕುಟುಂಬದಲ್ಲಿ ಬಹುಪಾಲು ಹೇನನ್ನೂ ಹಿಟ್ಟುತಿಗಣೆಯನ್ನೂ ತಿಂದು ಬಾಳುತ್ತವೆ. ಆದರೆ ಅದೇ ಕುಟುಂಬಕ್ಕೆ ಸೇರಿದ, ಬೆನ್ನ ಮೇಲೆ ಇಪ್ಪತ್ತೆಂಟು ಚುಕ್ಕೆಗಳುಳ್ಳ ಒಂದು ಜಾತಿಯು ಬದನೆಯ ಎಲೆಯ ಹಸಿರನ್ನು ಕೆರೆದು ತಿಂದು, ಎಲೆಯನ್ನು ಬರಿಯ ಜಾಲವಾಗಿ ಮಾಡುತ್ತದೆ. ಮಿತ್ರನ ಬೆನ್ನು ನುಣುಪಾಗಿ ಹೊಳೆಯುತ್ತದೆ. ಶತ್ರುವಿನ ಬೆನ್ನು ಸಣ್ಣ ರೋಮಗಳಿಂದ ಮಂಕಾಗಿರುತ್ತದೆ. ಇಷ್ಟೇ ವ್ಯತ್ಯಾಸವನ್ನು ಬಲ್ಲವನು ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಬಲ್ಲನು.

ಒಂದೇ ಕೀಟದಲ್ಲಿ ವಯಸ್ಸಿಗೆ ತಕ್ಕಂತೆ ಎರಡು ನಡತೆಯುಂಟು. ಮೈಗೆ ತಗುಲಿದರೆ ಬೊಬ್ಬೆಯೇಳಿಸುವ, ಕಪ್ಪಿನ ಮೇಲೆ ಕಿತ್ತಳೆಯ ಪಟ್ಟೆಗಳುಳ್ಳ ಹುಳುವು ತೊಗರಿ, ಅಲಸಂದೆ ಮೊದಲಾದವುಗಳ ಹೂವನ್ನು ತಿಂದು ಫಸಲನ್ನು ಕಡಿಮೆಮಾಡುತ್ತದೆ. ಆದರೆ ಇದರ ಬಳಗದ ಹಲವು ಹುಳುಗಳು ಮರಿಯಾಗಿರುವಾಗ ಮಣ್ಣಿನೊಳಗಿನ ಮಿಡತೆಯ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ಕೀಟದ ಸಂಗತಿಯೂ ಇಂಥದೇ. ಅದರ ಮರಿಯು ಗೊಬ್ಬರದ ಗುಂಡಿಯಲ್ಲಿ ಕೊಳೆತುದನ್ನು ತಿಂದು ಯಾರ ಗೊಡವೆಗೂ ಹೋಗದೆ ಇರುತ್ತದೆ. ರೆಕ್ಕೆ ಬಂದು ಮರವನ್ನೇರಿದಮೇಲೆ ಹಾನಿ ಆರಂಭವಾಗುತ್ತದೆ.

ಒಂದೇ ಕಸಬು ಒಂದು ಹೊಲದಲ್ಲಿ ಪುಣ್ಯವೂ ಇನ್ನೊಂದರಲ್ಲಿ ಪಾಪವೂ ಆಗುವುದುಂಟು. ಮರಿಹುಳುಗಳ ಮೈಯಲ್ಲಿ ಮೊಟ್ಟೆಯಿಡುವ ನೊಣಗಳ ಕುಟುಂಬವೊಂದು ಬೆಳೆ ತಿನ್ನುವ ಅನೇಕ ಹುಳುಗಳನ್ನು ಕೊಲ್ಲುವುದರಿಂದ ಒಕ್ಕಲಿಗನಿಗೆ ಮಿತ್ರವರ್ಗವೇ ಸರಿ. ಆದರೆ ಆ ಕುಟುಂಬದ ಊಜಿ ನೊಣವು ರೇಷ್ಮೆಹುಳುವನ್ನು ಹಿಡಿಯುತ್ತದೆ. ಅದು ೧೯೮೦ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಬಹಳವಾಗಿ ಪೀಡಿಸಿತು. ಈ ನೊಣವನ್ನು ಅಡಗಿಸಲು ಅದರ ಮೈಯಲ್ಲಿ ಮೊಟ್ಟೆಯಿಡುವ ಮತ್ತೊಂದು ಸಣ್ಣ ಕಣಜವನ್ನು ಸಾಕಿ ಬಿಡುತ್ತಾರೆ. ಹುಳುವನ್ನು ಕೊಲ್ಲುವ ನೊಣ, ನೊಣವನ್ನು ಕೊಲ್ಲುವ ಕಣಜ. ಇವುಗಳಲ್ಲಿ ಯಾವುದು ಒಳ್ಳೆಯದೆಂಬ ಪ್ರಶ್ನೆಗೆ ಹಿಪ್ಪುನೇರಳೆಯ ತೋಟದಲ್ಲಿ ಒಂದು ಉತ್ತರ, ಹತ್ತಿಯ ಹೊಲದಲ್ಲಿ ಇನ್ನೊಂದು ಉತ್ತರ.

ಚಗಳಿ ಇರುವೆಯ ದೃಷ್ಟಾಂತವು ಇನ್ನೂ ಸೂಕ್ಷ್ಮವಾದುದು. ಎಲೆಗಳನ್ನು ನೇಯ್ದು ಮರದಲ್ಲಿ ಗೂಡುಕಟ್ಟುವ ಈ ಇರುವೆಯನ್ನು ಮಲೆನಾಡಿನವರು ಚಟ್ನಿಗೂ ಬಳಸುತ್ತಾರೆ. ಚೀನದಲ್ಲಿ ಕಿತ್ತಳೆಯ ಜಾತಿಯ ಮರಗಳನ್ನು ಕೀಟಗಳಿಂದ ಕಾಪಾಡಲು ಇದರ ಗೂಡುಗಳನ್ನು ಮಾರುತ್ತಿದ್ದರೆಂದು ಕ್ರಿ.ಶ. ೩೦೪ರ ಸುಮಾರಿನದೆಂದು ಎಣಿಸಲಾಗುವ ಸಸ್ಯಗ್ರಂಥವೊಂದರಿಂದ ತಿಳಿದುಬರುತ್ತದೆ. ಕೀಟದಿಂದ ಕೀಟವನ್ನು ಅಡಗಿಸಿದ ಅತಿ ಪ್ರಾಚೀನವಾದ ಲಿಖಿತ ಸಾಕ್ಷಿ ಇದೇ. ಗೇರುಮರದ ಚಿಗುರನ್ನು ಸುಡುವ ತಿಗಣೆಯನ್ನೂ ಇದು ಓಡಿಸುತ್ತದೆ. ಆದರೆ ಅದೇ ಇರುವೆಯು ಸಿಹಿಯಾದ ಸ್ರಾವದ ಆಸೆಯಿಂದ ಹಿಟ್ಟುತಿಗಣೆಗಳನ್ನು ಹಸುವಿನಂತೆ ಕಾಯ್ದು, ಅವುಗಳ ಶತ್ರುಗಳನ್ನು ಹತ್ತಿರ ಬರಗೊಡಿಸುವುದಿಲ್ಲ. ಕಾವಲುಗಾರನೂ ಕಳ್ಳನ ಪಾಲುದಾರನೂ ಒಬ್ಬನೇ ಆಗಿರುವ ಸಂದರ್ಭವಿದು.

ಗಿಡವೇ ಕಳೆಯಾದಾಗ ಗಿಡವನ್ನು ತಿನ್ನುವ ಕೀಟವು ಬಂಧುವಾಗುತ್ತದೆ. ೧೭೯೫ರಲ್ಲಿ ಕೆಂಪು ಬಣ್ಣವನ್ನು ತೆಗೆಯುವ ಉದ್ದೇಶದಿಂದ ಬ್ರೆಜಿಲಿನಿಂದ ಭಾರತಕ್ಕೆ ಒಂದು ಕೀಟವನ್ನು ತಂದರು. ಅದು ನಿಜವಾದ ಬಣ್ಣದ ಕೀಟವಾಗಿರದೆ ಅದರ ನೆಂಟನಾಗಿತ್ತು, ಬಣ್ಣವು ಕೀಳಾಯಿತು. ಆದರೆ ಆ ಕೀಟವು ದೇಶದಲ್ಲಿ ಹಬ್ಬಿದ್ದ ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ನಿರ್ಮೂಲಮಾಡತೊಡಗಿತು. ದಕ್ಷಿಣದಲ್ಲಿ ಹೊಲಗದ್ದೆಗಳನ್ನು ಆಕ್ರಮಿಸಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಅದು ಮುಟ್ಟಲಿಲ್ಲ. ಆ ಕಳ್ಳಿಗೆ ತಕ್ಕ ಬೇರೊಂದು ಕೀಟವನ್ನು ೧೯೨೬ರಲ್ಲಿ ಸಿಂಹಳದಿಂದ ತರಿಸಿದ ಮೇಲೆ ಕೆಲವೇ ವರುಷಗಳಲ್ಲಿ ವಿಸ್ತಾರವಾದ ಭೂಮಿ ಬಿಡುಗಡೆಯಾಯಿತು. ಆದರೆ ಕಳ್ಳಿಯ ಹಣ್ಣನ್ನು ಜನರೂ ದಳವನ್ನು ದನಗಳೂ ತಿಂದು ಬದುಕುವ ಇಥಿಯೋಪಿಯದ ಟಿಗ್ರೇ ಪ್ರಾಂತದಲ್ಲಿ ಇದೇ ಕುಲದ ಕೀಟವು ಬಡವರ ಅನ್ನವನ್ನು ಕಸಿಯುವ ಪಿಡುಗಾಗಿದೆ. ಕೀಟ ಬದಲಾಗಲಿಲ್ಲ; ಕಳ್ಳಿಯನ್ನು ಜನರು ನೋಡುವ ದೃಷ್ಟಿ ಬೇರೆಯಾಗಿತ್ತು.

೫. ಸಂಖ್ಯೆಯ ನ್ಯಾಯ

ಹೊಲದಲ್ಲಿ ಒಂದು ಅಪಕಾರಿ ಕೀಟವೂ ಇರಕೂಡದೆಂಬ ಹಂಬಲವು ಮೇಲುನೋಟಕ್ಕೆ ಯುಕ್ತವೆಂದು ಕಂಡರೂ ಫಲದಲ್ಲಿ ವಿಪರೀತವಾಗುತ್ತದೆ. ಇದಕ್ಕೆ ಬತ್ತದ ಕಂದು ಜಿಗಿಹುಳುವಿಗಿಂತ ಉತ್ತಮವಾದ ನಿದರ್ಶನವಿಲ್ಲ. ಈ ಹುಳುವು ತೆಂಡೆಯ ಬುಡದಲ್ಲಿ ಗುಂಪಾಗಿ ಕುಳಿತು ರಸವನ್ನು ಹೀರುತ್ತದೆ. ಮಿತಿಮೀರಿದಾಗ ಪೈರು ಅಲ್ಲಲ್ಲಿ ಬೆಂಕಿ ಬಿದ್ದಂತೆ ದುಂಡಗೆ ಒಣಗಿಹೋಗುತ್ತದೆ. ಗದ್ದೆಯಲ್ಲಿರುವ ಜೇಡಗಳು ಈ ಹುಳುವನ್ನು ಬೇಟೆಯಾಡುತ್ತವೆ. ಹಸಿರು ಮೈಯ ಒಂದು ಚಿಕ್ಕ ತಿಗಣೆಯು ಇದರ ಮೊಟ್ಟೆಗಳನ್ನು ಹೀರಿ ಬರಿದುಮಾಡುತ್ತದೆ. ಈ ಕಾವಲು ಇರುವ ತನಕ ಜಿಗಿಹುಳುವಿನ ಸಂಖ್ಯೆ ಅಂಕೆಯಲ್ಲಿರುತ್ತದೆ.

ವಿಷವನ್ನು ಸಿಂಪಡಿಸಿದಾಗ ನಡೆಯುವುದೇನು? ಜಿಗಿಹುಳುವಿನ ಮೊಟ್ಟೆಗಳು ಎಲೆಯ ತೊಟ್ಟಿನ ಒಳಗಡೆ ಹುದುಗಿರುವುದರಿಂದ ಅವುಗಳಿಗೆ ವಿಷವು ತಾಗುವುದಿಲ್ಲ. ಹೊರಗೆ ಓಡಾಡುವ ಜೇಡವೂ ತಿಗಣೆಯೂ ಸಾಯುತ್ತವೆ. ಕೆಲವು ದಿನಗಳ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳಿಗೆ ಶತ್ರುಗಳಿಲ್ಲದ ಗದ್ದೆಯು ಸಿಕ್ಕುತ್ತದೆ. ಒಕ್ಕಲಿಗನು ಹುಳು ಹೆಚ್ಚಿತೆಂದು ಮತ್ತೆ ಸಿಂಪಡಿಸುತ್ತಾನೆ. ಹುಳು ಮತ್ತೂ ಹೆಚ್ಚುತ್ತದೆ. ಇಂಡೋನೇಷ್ಯದಲ್ಲಿ ಈ ಚಕ್ರವು ದೇಶದ ಅನ್ನಕ್ಕೇ ಸಂಚಕಾರ ತರುವಷ್ಟು ಮುಂದುವರಿದಾಗ, ಅಲ್ಲಿನ ಸರಕಾರವು ೧೯೮೬ರಲ್ಲಿ ೫೭ ಬಗೆಯ ಕೀಟನಾಶಕಗಳನ್ನು ಬತ್ತದ ಮೇಲೆ ಬಳಸಕೂಡದೆಂದು ಆಜ್ಞೆಮಾಡಿ, ಗದ್ದೆಯ ಮಿತ್ರಜೀವಿಗಳನ್ನು ಗುರುತಿಸುವ ಶಿಕ್ಷಣವನ್ನು ಒಕ್ಕಲಿಗರಿಗೆ ಕೊಡಲು ತೊಡಗಿತು. ಗದ್ದೆಯೇ ಅಲ್ಲಿ ಪಾಠಶಾಲೆಯಾಯಿತು.

ಕರ್ನಾಟಕದಲ್ಲಿಯೂ ಇದಕ್ಕೆ ಸಮಾನವಾದ ಒಂದು ಅನುಭವವುಂಟು. ೨೦೦೨ರಲ್ಲಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿನ ಮೇಲೆ ಬಿಳಿಯ ಉಣ್ಣೆಯನ್ನು ಹೊದ್ದಂತಿರುವ ಹೇನು ಭಯಂಕರವಾಗಿ ಹಬ್ಬಿತು. ಕಬ್ಬು ಎತ್ತರವಾಗಿ ಬೆಳೆದಮೇಲೆ ಒಳಹೊಕ್ಕು ಸಿಂಪಡಿಸುವುದೇ ದುಸ್ತರ. ಆಗ ಕೈಗೂಡಿದವು ಮುಖ್ಯವಾಗಿ ಎರಡು ಬೇಟೆಗಾರ ಕೀಟಗಳು: ಒಂದು, ಕ್ರೈಸೋಪದ ದೂರದ ಬಂಧುವಾದ ಮೈಕ್ರೋಮಸ್, ಇನ್ನೊಂದು, ಡೈಫಾ ಎಂಬ ಪತಂಗದ ಮರಿಹುಳು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಮಸ್ಸನ್ನು ಹೇರಳವಾಗಿ ಸಾಕಿ ರೈತರಿಗೆ ಒದಗಿಸಿದರು. ಮರಿಹುಳುವೆಂದರೆ ಎಲೆ ತಿನ್ನುವುದೆಂದೇ ನಂಬಿದ್ದ ರೈತನಿಗೆ, ಹೇನನ್ನು ತಿನ್ನುವ ಮರಿಹುಳುವೂ ಉಂಟೆಂಬುದು ಹೊಸ ಪಾಠವಾಗಿತ್ತು.

ಇಷ್ಟಾದರೂ ಉಪಕಾರಿ ಕೀಟಗಳನ್ನು ನಂಬಿ ಕೈಕಟ್ಟಿ ಕೂರುವುದು ಎಲ್ಲ ಕಾಲಕ್ಕೂ ಸಲ್ಲದು. ೨೦೧೮ರಲ್ಲಿ ಅಮೆರಿಕ ಖಂಡದ ಸೈನಿಕಹುಳುವು ಕರ್ನಾಟಕದ ಮುಸುಕಿನ ಜೋಳದಲ್ಲಿ ಕಾಣಿಸಿಕೊಂಡಾಗ ಅದರ ವೇಗಕ್ಕೆ ಇಲ್ಲಿನ ಮಿತ್ರಜೀವಿಗಳ ವೇಗವು ಸಾಟಿಯಾಗಲಿಲ್ಲ. ಹಾನಿಯ ಬೆಲೆಯು ಪರಿಹಾರದ ಬೆಲೆಯನ್ನು ಮೀರುವ ಒಂದು ಮಟ್ಟವುಂಟು. ಆ ಮಟ್ಟಕ್ಕೆ ಮುಂಚೆ ತಾಳ್ಮೆಯೂ, ಅದು ಬಂದಮೇಲೆ ಕ್ರಮವೂ ತಕ್ಕುದೆಂದು ಕೀಟಶಾಸ್ತ್ರಜ್ಞರು ಹೇಳುತ್ತಾರೆ. ಆ ಮಟ್ಟವನ್ನು ನಿರ್ಣಯಿಸಬೇಕಾದರೆ ಹೊಲದಲ್ಲಿರುವ ಶತ್ರುಗಳನ್ನು ಎಣಿಸಿದರೆ ಸಾಲದು, ಮಿತ್ರರನ್ನೂ ಎಣಿಸಬೇಕು.

೬. ದೂರದಿಂದ ಬಂದ ಮಿತ್ರರು

ಪರದೇಶದಿಂದ ಬಂದ ಕೀಟವು ತನ್ನ ಶತ್ರುಗಳನ್ನು ತವರಿನಲ್ಲಿಯೇ ಬಿಟ್ಟು ಬರುವುದರಿಂದ ಹೊಸ ನೆಲದಲ್ಲಿ ಮಿತಿಯಿಲ್ಲದೆ ಹೆಚ್ಚುತ್ತದೆ. ತವರಿಗೆ ಹೋಗಿ ಅದರ ಶತ್ರುವನ್ನು ಹುಡುಕಿ ತರುವುದೇ ಇದಕ್ಕೆ ಉಪಾಯ. ಆಸ್ಟ್ರೇಲಿಯದಿಂದ ಕ್ಯಾಲಿಫೋರ್ನಿಯಕ್ಕೆ ಹೋಗಿ ಕಿತ್ತಳೆಯ ತೋಟಗಳನ್ನು ಹಾಳುಮಾಡುತ್ತಿದ್ದ ಶಲ್ಕಕೀಟವೊಂದಕ್ಕೆ ೧೮೮೮ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬವರು ಆಸ್ಟ್ರೇಲಿಯಕ್ಕೆ ಹೋಗಿ ಗುಲಗಂಜಿಹುಳುವಿನ ಜಾತಿಯೊಂದನ್ನು ಕಳುಹಿಸಿದರು. ಎರಡು ವರುಷ ತುಂಬುವುದರೊಳಗೆ ತೋಟಗಳು ಚೇತರಿಸಿಕೊಂಡವು. ಅದೇ ಶಲ್ಕಕೀಟವು ನೀಲಗಿರಿಯಲ್ಲಿ ಕಾಣಿಸಿಕೊಂಡಾಗ ೧೯೨೯ರಲ್ಲಿ ಅದೇ ಗುಲಗಂಜಿಹುಳುವನ್ನು ತರಿಸಿ ಅಡಗಿಸಿದರು. ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪಾಯದ ಹಿಟ್ಟುತಿಗಣೆಯು ಪಪಾಯದಲ್ಲಿ ನಿಲ್ಲದೆ ಹಿಪ್ಪುನೇರಳೆ, ಮರಗೆಣಸು ಮೊದಲಾದವುಗಳಿಗೂ ಹರಡಿತು. ಅದಕ್ಕೆ ಶತ್ರುವಾದ ಸಣ್ಣ ಕಣಜವನ್ನು ೨೦೧೦ರಲ್ಲಿ ಪೋರ್ಟೊರಿಕೋದಿಂದ ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆಗೆ ತರಿಸಿ, ಪರೀಕ್ಷಿಸಿ, ಸಾಕಿ ಬಿಟ್ಟಮೇಲೆ ಪಿಡುಗು ಇಳಿಯಿತು.

ಆದರೆ ಇಂತಹ ಪ್ರಯತ್ನವೆಲ್ಲವೂ ಎಣಿಸಿದಂತೆಯೇ ಫಲಿಸುವುದಿಲ್ಲ. ೧೮೯೮ರಲ್ಲಿ ಕಾಫಿಯ ಹಸಿರು ಶಲ್ಕಕೀಟಕ್ಕೆಂದು ಆಸ್ಟ್ರೇಲಿಯದ ಇನ್ನೊಂದು ಗುಲಗಂಜಿಹುಳುವನ್ನು ದಕ್ಷಿಣ ಭಾರತಕ್ಕೆ ತಂದಾಗ ಅದು ಆ ಕೀಟವನ್ನು ಅಡಗಿಸಲಿಲ್ಲ. ಬದಲಿಗೆ ಹಿಟ್ಟುತಿಗಣೆಗಳನ್ನು ತಿನ್ನುತ್ತ ಇಲ್ಲಿಯೇ ನೆಲೆಸಿ, ಇಂದು ಕಾಫಿ, ದ್ರಾಕ್ಷಿ ಮುಂತಾದ ತೋಟಗಳಲ್ಲಿ ಉಪಯೋಗಕ್ಕೆ ಬಂದಿದೆ. ತರಿಸುವ ಮಿತ್ರನು ಇಲ್ಲಿನ ಜೀವಿಗಳಿಗೆ ಶತ್ರುವಾಗದಿರಲೆಂದು ದೀರ್ಘವಾದ ಪರೀಕ್ಷೆಯನ್ನು ವಿಧಿಸಿರುವುದು ಇಂತಹ ಅನುಭವಗಳ ಫಲವೇ.

೭. ಹೆಸರಿನ ಪ್ರಶ್ನೆ

ಈ ಕೊನೆಯ ಗುಲಗಂಜಿಹುಳುವಿನ ಮರಿಯು ಬಿಳಿಯ ಮೇಣದ ಎಳೆಗಳಿಂದ ಮೈಮುಚ್ಚಿಕೊಂಡು ಥೇಟು ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ತಿಳಿಯದವನು ಅದನ್ನು ದೊಡ್ಡ ಹಿಟ್ಟುತಿಗಣೆಯೆಂದು ಎಣಿಸಿ ಹೊಸಕಿಹಾಕುತ್ತಾನೆ. ಮರಿಹುಳುವಿನ ಬೆನ್ನ ಮೇಲೆ ಅಕ್ಕಿಯ ಕಾಳಿನಂತೆ ಅಂಟಿರುವ ಬಿಳಿಯ ಗೂಡುಗಳು ಅದನ್ನು ಕೊಂದು ಹೊರಬಂದ ಕಣಜಗಳವು; ಅವನ್ನು ಹುಳುವಿನ ಮೊಟ್ಟೆಗಳೆಂದು ತಿಳಿದು ಸುಟ್ಟುಹಾಕುವವರುಂಟು. ಅಜ್ಞಾನದಿಂದ ಮಿತ್ರನನ್ನು ಕೊಲ್ಲುವ ಈ ದುರಂತಕ್ಕೆ ಭಾಷೆಯೂ ಒಂದು ಪಾಲು ಹೊಣೆಯಾಗಿದೆ.

ಕನ್ನಡದ 'ಹುಳು' ಎಂಬ ಪದವು ರೇಷ್ಮೆಹುಳು, ಎರೆಹುಳು, ಕಂಬಳಿಹುಳು, ಗ್ರಂಥವನ್ನು ಕೊರೆಯುವ ಹುಳು ಇವೆಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಹಾಕುತ್ತದೆ. 'ಹುಳುಕು' ಎಂಬ ದೋಷವಾಚಕವೂ ಆ ಪದದ ನೆನಪನ್ನೇ ಹೊತ್ತಿದೆ. ಪೈರಿಗೆ 'ಹುಳು ಬಿದ್ದಿದೆ' ಎಂದಮೇಲೆ ಯಾವ ಹುಳು ಎಂಬ ಪ್ರಶ್ನೆ ಏಳುವುದಿಲ್ಲ. 'ಔಷಧಿ ಹೊಡೆಯಬೇಕು' ಎಂಬ ನಿರ್ಣಯವೇ ಬರುತ್ತದೆ. ಇಲ್ಲಿ ವಿಷಕ್ಕೆ ಔಷಧಿಯೆಂದು ಹೆಸರಾಗಿರುವುದನ್ನೂ ಗಮನಿಸಬೇಕು. ಇನ್ನು 'ದುಂಬಿ'ಯ ಅವಸ್ಥೆಯನ್ನು ನೋಡಿದರೆ, ಕಾವ್ಯದಲ್ಲಿ ಅದು ಹೂವಿನ ಮೇಲೆ ಝೇಂಕರಿಸುವ ಮಧುಕರ. ಇಂದಿನ ಕೃಷಿಪುಸ್ತಕಗಳಲ್ಲಿ ಗಟ್ಟಿಯಾದ ಹೊದಿಕೆಯ ರೆಕ್ಕೆಗಳುಳ್ಳ, ಕುರುವಾಯಿಯಂತಹ ಕೀಟಗಳಿಗೆ ಅದೇ ಹೆಸರು. 'ಶಲಭ'ವು ಒಂದು ಕಡೆ ಬೆಳೆಯನ್ನು ಮುತ್ತುವ ಮಿಡತೆ, ಇನ್ನೊಂದು ಕಡೆ ದೀಪಕ್ಕೆ ಬಿದ್ದು ಸಾಯುವ ಪತಂಗ. ಕಾವ್ಯವನ್ನು ಓದಿದ ವಿದ್ಯಾರ್ಥಿಯು ಕೃಷಿಪುಸ್ತಕವನ್ನು ತೆರೆದರೆ, ಅಥವಾ ಕೃಷಿಯನ್ನು ಬಲ್ಲ ಬಾಲಕನು ಕಾವ್ಯವನ್ನು ತೆರೆದರೆ, ಇಬ್ಬರಿಗೂ ತೊಡಕು ತಪ್ಪದು.

ಆದರೂ ಕನ್ನಡದ ಭಂಡಾರವು ಬರಿದಾಗಿಲ್ಲ. ನಾಲ್ಕು ಜೇನುಗಳಿಗೆ ನಾಲ್ಕು ಹೆಸರುಗಳನ್ನು ಕೊಟ್ಟ ಹಳ್ಳಿಗರು ಕಣ್ಣಿಟ್ಟು ನೋಡಿದುದಕ್ಕೆ ಹೆಸರಿಡಲು ಹಿಂಜರಿದವರಲ್ಲ. ಚಗಳಿ, ಗೊಣ್ಣೆ, ಕುರುವಾಯಿ, ಸೂರ್ಯನ ಕುದುರೆ ಮುಂತಾದ ಮಾತುಗಳು ಅವರ ಸೂಕ್ಷ್ಮದೃಷ್ಟಿಗೆ ಸಾಕ್ಷಿಯಾಗಿವೆ. ಪ್ರಾಂತಪ್ರಾಂತಗಳಲ್ಲಿ ಚದರಿರುವ ಇಂತಹ ಹೆಸರುಗಳನ್ನು ಕೀಟವನ್ನು ಎದುರಿಗಿಟ್ಟುಕೊಂಡು ಸಂಗ್ರಹಿಸಿ, ಅರ್ಥವನ್ನು ನಿಶ್ಚಯಿಸಿ, ಉಪಕಾರಿಗಳಿಗೆ ಹೆಸರಿಲ್ಲದೆಡೆಯಲ್ಲಿ ತಕ್ಕ ಹೆಸರನ್ನು ಆರಿಸಿ, ಪಾಠಪುಸ್ತಕಗಳಿಗೂ ನಿಘಂಟುಗಳಿಗೂ ತರುವ ಕಾರ್ಯವು ಕೀಟಶಾಸ್ತ್ರಜ್ಞರೊಬ್ಬರಿಂದಲೇ ಆಗತಕ್ಕುದಲ್ಲ. ಭಾಷಾವಿದ್ವಾಂಸರ ಸಹಾಯವೂ ಅದಕ್ಕೆ ಅವಶ್ಯ. ಈತಿಗಳನ್ನು ಎಣಿಸಿದವರು ಶತ್ರುವಿಗೆ ಹೆಸರಿಟ್ಟು ಹೋದರು. ಮಿತ್ರರಿಗೆ ಹೆಸರಿಡುವ ಕೆಲಸವು ಉಳಿದಿದೆ. ಅದು ನೆರವೇರುವ ತನಕ ಹೊಲದಲ್ಲಿ ಅವು ಶತ್ರುಗಳ ಲೆಕ್ಕದಲ್ಲಿಯೇ ಸಾಯುತ್ತಿರುವುವು.